ಬಾಗಿಲು ಬೇರೆ ಬೇರೆ, ಊಟ ಒಟ್ಟಿಗೆ: ಕೋಹೌಸಿಂಗ್ ಅಂದ್ರೆ ಏನು?

ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಹಾಸ್ಟೆಲ್ ಬಿಟ್ಟು ಕಾಲೇಜಿನ ಹಿಂದಿನ ರಸ್ತೆಯಲ್ಲಿ ಒಂದು ಮನೆ ಬಾಡಿಗೆಗೆ ತಗೊಂಡೆವು. ಕಾರಣ ಎಲ್ಲರಿಗೂ ಗೊತ್ತಿರೋದೇ. ಒಂದು ರೂಮಿಗೆ ಮೂರು ಜನ, ಬೆಳಿಗ್ಗೆ ಬಾತ್‌ರೂಮಿಗೆ ಕ್ಯೂ, ಮೆಸ್ಸಿನಲ್ಲಿ ವಾರವಿಡೀ ಅದೇ ಸಾಂಬಾರು, ರಾತ್ರಿ ಅಟೆಂಡೆನ್ಸ್. ಹೊಸ ಮನೆಯಲ್ಲಿ ಇವು ಯಾವುದೂ ಇರಲಿಲ್ಲ. ಎರಡು ರೂಮಿನಲ್ಲಿ ಇಬ್ಬಿಬ್ಬರು, ಮೂಲೆಯ ಚಿಕ್ಕ ರೂಮಿನಲ್ಲಿ ಒಬ್ಬ. ಬಾಗಿಲು ಹಾಕ್ಕೊಂಡರೆ ಯಾರೂ ಕೇಳೋರಿಲ್ಲ. ಸ್ವರ್ಗ ಅನ್ನಿಸಿತ್ತು.

ಎರಡನೇ ಇಂಟರ್ನಲ್ಸ್ ವಾರದಲ್ಲಿ ಆ ಚಿಕ್ಕ ರೂಮಿನವನಿಗೆ ಜ್ವರ ಬಂತು. ನಮಗೆ ಗೊತ್ತಾಗಲಿಲ್ಲ. ಒಬ್ಬ ಅಂದ್ಕೊಂಡಿದ್ದು ಅವನು ಊರಿಗೆ ಹೋಗಿದಾನೆ ಅಂತ. ಇನ್ನೊಬ್ಬ ಅಂದ್ಕೊಂಡಿದ್ದು ಬಾಗಿಲು ಹಾಕ್ಕೊಂಡು ಓದ್ತಿದಾನೆ ಅಂತ. ಊಟ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಆರ್ಡರ್ ಮಾಡಿ, ಫೋನ್ ನೋಡ್ಕೊಂಡು ಅವರವರ ಹಾಸಿಗೆ ಮೇಲೆ ತಿಂತಿದ್ವಿ. ಮೂರನೇ ದಿನ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದರು: "ಆ ಉದ್ದ ಹುಡುಗ ಕೆಳಗೆ ಇಳಿದೇ ಇಲ್ಲವಲ್ಲಪ್ಪ, ಊರಿಗೆ ಹೋಗಿದಾನಾ?" ಆಮೇಲೆ ನಾವು ಬಾಗಿಲು ತಟ್ಟಿದ್ದು. ಡೆಂಗ್ಯೂ. ಐದು ದಿನ ಆಸ್ಪತ್ರೆ. ರಾತ್ರಿ ಬಸ್ಸಿನಲ್ಲಿ ಬಂದ ಅವನ ಅಪ್ಪ ನಮ್ಮನ್ನು ಬೈಯಲಿಲ್ಲ. "ಒಂದೇ ಮನೇಲಿ ಇದ್ದೀರಲ್ಲಪ್ಪ, ಗೊತ್ತಾಗ್ಲಿಲ್ವಾ?" ಅಂತ ಕೇಳಿದರು ಅಷ್ಟೇ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವನು ಈಗ ಚೆನ್ನಾಗಿದಾನೆ. ಈ ಲೇಖನ ಬರೆಯುತ್ತಿರುವ ಐವರಲ್ಲಿ ಅವನೂ ಒಬ್ಬ. ಆದರೆ ಆ ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲಿ ಉಳೀತು. ಹಾಸ್ಟೆಲ್‌ನಲ್ಲಿ ಹೀಗೆ ಆಗ್ತಿರಲಿಲ್ಲ. ಎರಡು ಹೊತ್ತು ಮೆಸ್ಸಿಗೆ ಬರದಿದ್ದರೆ ಯಾರಾದರೂ "ಎಲ್ಲೋ ಅವನು?" ಅಂತ ಕೇಳೇ ಕೇಳ್ತಿದ್ದರು. ಹಾಗಾದ್ರೆ ಒಂಟಿಯಾಗಿ ಇರೋ ಸ್ವಾತಂತ್ರ್ಯ ಮತ್ತು ನಮ್ಮನ್ನು ನೋಡ್ಕೊಳ್ಳೋ ಜನ, ಎರಡೂ ಒಟ್ಟಿಗೆ ಸಿಗೋದೇ ಇಲ್ವಾ? ನಮ್ಮಲ್ಲಿ ಸಿವಿಲ್ ಓದೋ ಇಬ್ಬರು ಒಂದು ಅಸೈನ್‌ಮೆಂಟಿಗೆ ಹುಡುಕುವಾಗ ಸಿಕ್ಕ ಪದವೇ ಕೋಹೌಸಿಂಗ್. ಇದೇ ಪ್ರಶ್ನೆಯನ್ನು ಡೆನ್ಮಾರ್ಕಿನ ಕೆಲವರು ಅರವತ್ತು ವರ್ಷದ ಹಿಂದೆಯೇ ಕೇಳ್ಕೊಂಡಿದ್ದರು.

ಏನಿದು, ಏನಲ್ಲ

ಮೊದಲು ಏನಲ್ಲ ಅಂತ ಹೇಳ್ತೀವಿ. ಕೋಹೌಸಿಂಗ್ ಹಾಸ್ಟೆಲ್ ಅಲ್ಲ, ಪಿಜಿ ಅಲ್ಲ, ಆಶ್ರಮವೂ ಅಲ್ಲ. ಅಲ್ಲಿ ಯಾರೂ ತಮ್ಮ ಸಂಬಳ ತಂದು ಒಂದೇ ಡಬ್ಬಕ್ಕೆ ಹಾಕಲ್ಲ. ಪ್ರತಿ ಕುಟುಂಬಕ್ಕೂ ಪೂರ್ತಿ ಮನೆ ಇರತ್ತೆ, ಅದರಲ್ಲಿ ಸ್ವಂತ ಅಡುಗೆಮನೆ ಇರತ್ತೆ, ಬಾಗಿಲಿಗೆ ಸ್ವಂತ ಬೀಗ ಇರತ್ತೆ. ಇದರ ಜೊತೆಗೆ ಎಲ್ಲರಿಗೂ ಸೇರಿದ ಒಂದು ಸಾಮಾನ್ಯ ಮನೆ ಇರತ್ತೆ. ಅದರಲ್ಲಿ ದೊಡ್ಡ ಅಡುಗೆಮನೆ, ಎಲ್ಲರೂ ಕೂರುವಷ್ಟು ಊಟದ ಹಾಲ್, ಬಟ್ಟೆ ಒಗೆಯುವ ಜಾಗ, ಮಕ್ಕಳ ಆಟದ ಕೋಣೆ, ನೆಂಟರಿಗೆ ಒಂದೆರಡು ರೂಮು, ಕೆಲವು ಕಡೆ ವರ್ಕ್‌ಶಾಪ್.

ನಮ್ಮ ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಕ್ಲಬ್‌ಹೌಸ್ ಇರತ್ತಲ್ಲ ಅಂತ ನೀವು ಕೇಳಬಹುದು. ವ್ಯತ್ಯಾಸ ಎರಡು. ಒಂದು, ಕೋಹೌಸಿಂಗ್‌ನಲ್ಲಿ ಮನೆ ಕಟ್ಟೋ ಮೊದಲೇ ಅಲ್ಲಿ ವಾಸ ಮಾಡೋ ಜನ ಸೇರಿ, ಆರ್ಕಿಟೆಕ್ಟ್ ಜೊತೆ ಕೂತು ಪ್ಲ್ಯಾನ್ ಮಾಡ್ತಾರೆ. ಎರಡು, ಕಟ್ಟಿದ ಮೇಲೆ ಅದನ್ನು ನಡೆಸೋರೂ ಅವರೇ. ಅಡುಗೆ, ತೋಟ, ರಿಪೇರಿ, ಲೆಕ್ಕಪತ್ರ, ಎಲ್ಲ ಪಾಳಿ ಮೇಲೆ.

ಶುರುವಾಗಿದ್ದು ಹೇಗೆ

ಯಾನ್ ಗುಡ್‌ಮಂಡ್-ಹೋಯರ್ ಅನ್ನೋ ಡೆನ್ಮಾರ್ಕಿನ ಆರ್ಕಿಟೆಕ್ಟ್ 1964ರಲ್ಲಿ ಕೆಲವು ಗೆಳೆಯರನ್ನು ಸೇರಿಸಿಕೊಂಡು ಮನೆಗಳ ಬಗ್ಗೆ ಚರ್ಚೆ ಶುರು ಮಾಡಿದರು. ಊರ ಹೊರಗಿನ ಒಂಟಿ ಮನೆಯಲ್ಲಿ ನೆಮ್ಮದಿ ಇದೆ, ಜನ ಇಲ್ಲ. ಪಟ್ಟಣದ ಫ್ಲ್ಯಾಟ್‌ನಲ್ಲಿ ಜನ ಇದಾರೆ, ಪರಿಚಯ ಇಲ್ಲ. ಎರಡರ ಮಧ್ಯೆ ಏನಾದರೂ ಇರಬಹುದಾ ಅನ್ನೋದು ಅವರ ಪ್ರಶ್ನೆ. ಕೋಪನ್‌ಹೇಗನ್ ಹತ್ತಿರದ ಹಾರೆಸ್ಕೋವ್‌ನಲ್ಲಿ ಜಾಗ ಕೊಂಡರು, ಒಂದು ಸಾಮಾನ್ಯ ಮನೆಯ ಸುತ್ತ 12 ಮನೆಗಳ ಪ್ಲ್ಯಾನ್ ಹಾಕಿದರು. ಅಕ್ಕಪಕ್ಕದವರು ವಿರೋಧ ಮಾಡಿದ್ದರಿಂದ ಆ ಪ್ಲ್ಯಾನ್ ಅಲ್ಲಿಗೇ ನಿಂತುಹೋಯಿತು. ಅವರು ಸುಮ್ಮನಾಗಲಿಲ್ಲ, 1968ರಲ್ಲಿ ಈ ಯೋಚನೆ ಬಗ್ಗೆ ಲೇಖನ ಬರೆದರು.

ಅದಕ್ಕೂ ಒಂದು ವರ್ಷ ಮೊದಲು, 1967ರಲ್ಲಿ, ಬೋಡಿಲ್ ಗ್ರೋ ಅನ್ನೋ ಲೇಖಕಿ ಪೊಲಿಟಿಕೆನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಅದರ ಶೀರ್ಷಿಕೆಯ ಅರ್ಥ, ಮಕ್ಕಳಿಗೆ ನೂರು ಜನ ತಂದೆ-ತಾಯಿ ಇರಬೇಕು ಅಂತ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋ ಕಾಲ ಶುರುವಾಗಿತ್ತು, ಆದ್ದರಿಂದ ಈ ಮಾತು ತುಂಬ ಜನಕ್ಕೆ ತಾಗಿತು. ಎರಡೂ ಲೇಖನಗಳನ್ನು ಓದಿ ಸೇರಿದ ಜನರಿಂದಲೇ ಮೊದಲ ಕೋಹೌಸಿಂಗ್ ಬಂತು. ಹಿಲ್ಲೆರೋಡ್ ಹತ್ತಿರದ ಸೆಟ್ಟೆಡಾಮೆನ್, 1972, 27 ಮನೆ. ಮುಂದಿನ ವರ್ಷ ಗುಡ್‌ಮಂಡ್-ಹೋಯರ್ ಅವರ ಸ್ಕ್ರೋಪ್ಲಾನೆಟ್, 33 ಮನೆ. ಡೇನಿಷ್ ಭಾಷೆಯಲ್ಲಿ ಇದಕ್ಕೆ ಬೋಫೆಲ್ಲೆಸ್ಕಾಬ್ ಅಂತಾರೆ, ವಾಸದ ಸಮುದಾಯ ಅಂತ ಅರ್ಥ. ಕೋಹೌಸಿಂಗ್ ಅನ್ನೋ ಇಂಗ್ಲಿಷ್ ಹೆಸರು ಕೊಟ್ಟವರು ಕ್ಯಾಥರಿನ್ ಮೆಕ್ಯಾಮಂಟ್ ಮತ್ತು ಚಾರ್ಲ್ಸ್ ಡ್ಯುರೆಟ್ ಅನ್ನೋ ಅಮೆರಿಕದ ಆರ್ಕಿಟೆಕ್ಟ್ ದಂಪತಿ. ಡೆನ್ಮಾರ್ಕಿಗೆ ಹೋಗಿ ನೋಡಿ ಬಂದು 1988ರಲ್ಲಿ ಪುಸ್ತಕ ಬರೆದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ಶುರುವಾಯಿತು.

ಇದಕ್ಕೂ ಹಳೆಯ ಒಂದು ಪ್ರಯತ್ನ ಸ್ವೀಡನ್ನಿನದು. 1935ರಲ್ಲಿ ಆಲ್ವಾ ಮೀರ್ಡಾಲ್ ಮತ್ತು ಆರ್ಕಿಟೆಕ್ಟ್ ಸ್ವೆನ್ ಮಾರ್ಕೆಲಿಯುಸ್ ಸೇರಿ ಸ್ಟಾಕ್‌ಹೋಮಿನಲ್ಲಿ ಒಂದು ಕಟ್ಟಡ ಮಾಡಿಸಿದರು. ಕೆಳಗಡೆ ಎಲ್ಲರಿಗೂ ಒಂದೇ ಅಡುಗೆಮನೆ, ಅಲ್ಲಿಂದ ಪುಟ್ಟ ಲಿಫ್ಟಿನಲ್ಲಿ ಊಟ ಮೇಲಿನ ಮನೆಗಳಿಗೆ ಹೋಗ್ತಿತ್ತು! ಅಡುಗೆಯಿಂದ ಬಿಡುವು ಸಿಗಬೇಕು ಅನ್ನೋದು ಉದ್ದೇಶ. ಆದರೆ ಅಲ್ಲಿ ಅಡುಗೆ ಮಾಡ್ತಿದ್ದದ್ದು ಸಂಬಳದ ಕೆಲಸಗಾರರು, ವಾಸ ಇರೋರಲ್ಲ. ಒಂಥರಾ 1935ರ ಫುಡ್ ಡೆಲಿವರಿ ಆ್ಯಪ್. ಡೆನ್ಮಾರ್ಕಿನವರು ಇದನ್ನು ತಿರುಗಿಸಿ, ಊಟ ನಮ್ಮ ಹತ್ರ ಬರೋದು ಬೇಡ, ನಾವೇ ಊಟದ ಹತ್ರ ಹೋಗೋಣ, ಪಾಳಿ ಮೇಲೆ ನಾವೇ ಮಾಡೋಣ ಅಂದರು.

ಮೊದಲ ಲಾಭ: ಸಮಯ

ಇಲ್ಲಿಂದ ನಮ್ಮ ಲೆಕ್ಕ. ಮೂವತ್ತು ಜನ ದೊಡ್ಡವರು ಇರೋ ಜಾಗ ಅಂದ್ಕೊಳ್ಳಿ. ದಿನಾ ರಾತ್ರಿ ಇಬ್ಬರು ಅಡುಗೆ ಮಾಡ್ತಾರೆ. ಅಂದ್ರೆ ಒಬ್ಬರ ಪಾಳಿ ಹದಿನೈದು ದಿನಕ್ಕೊಮ್ಮೆ. ಒಬ್ಬನೇ ಅಡುಗೆ ಮಾಡ್ಕೊಂಡು ಪಾತ್ರೆ ತೊಳೆಯೋಕೆ ದಿನಕ್ಕೆ 40 ನಿಮಿಷ ಅಂತ ಹಿಡಿದರೆ ಹದಿನೈದು ದಿನಕ್ಕೆ 600 ನಿಮಿಷ, ಅಂದ್ರೆ 10 ಗಂಟೆ. ಮೂವತ್ತು ಜನಕ್ಕೆ ಮಾಡೋ ದಿನ 3 ಗಂಟೆ ಹಿಡಿಯಬಹುದು, ಇನ್ನೊಂದು ದಿನ ಪಾತ್ರೆ ತೊಳೆಯೋ ಪಾಳಿಗೆ 1 ಗಂಟೆ. ಒಟ್ಟು 4. ಹದಿನೈದು ದಿನದಲ್ಲಿ 6 ಗಂಟೆ ಉಳೀತು. ಜೊತೆಗೆ ಹದಿನಾಲ್ಕು ದಿನ ಬಿಸಿ ಊಟ, "ಇವತ್ತು ಏನು ಮಾಡೋದು" ಅನ್ನೋ ತಲೆನೋವು ಇಲ್ಲದೆ. ಎಲ್ಲ ಕಡೆ ದಿನಾ ಒಟ್ಟಿಗೆ ಊಟ ಇರಲ್ಲ, ಎಷ್ಟೋ ಕಡೆ ವಾರಕ್ಕೆ ಎರಡು ಮೂರು ದಿನ ಅಷ್ಟೇ. ಬರಲೇಬೇಕು ಅಂತಲೂ ಇಲ್ಲ. ಮನೇಲೇ ತಿನ್ನಬೇಕು ಅನ್ನಿಸಿದರೆ ಸ್ವಂತ ಅಡುಗೆಮನೆ ಇದ್ದೇ ಇದೆಯಲ್ಲ.

ಎರಡನೇ ಲಾಭ: ಕಡಿಮೆ ಸಾಮಾನು, ಕಡಿಮೆ ಖರ್ಚು

ನಮ್ಮಲ್ಲಿ ಎಲೆಕ್ಟ್ರಿಕಲ್ ಓದೋನು ಇದನ್ನು ಕೇಳಿದ ಕೂಡಲೇ "ಡೈವರ್ಸಿಟಿ ಫ್ಯಾಕ್ಟರ್!" ಅಂದ. ಎಲ್ಲ ಮನೆಗಳ ಎಲ್ಲ ಸ್ವಿಚ್ಚೂ ಒಂದೇ ಕ್ಷಣಕ್ಕೆ ಆನ್ ಆಗಲ್ಲ, ಅದಕ್ಕೇ ಟ್ರಾನ್ಸ್‌ಫಾರ್ಮರನ್ನು ಒಟ್ಟು ಕನೆಕ್ಟೆಡ್ ಲೋಡಿಗೆ ಹಾಕೋ ಅಗತ್ಯ ಇಲ್ಲ ಅಂತ ಓದಿದೀವಲ್ಲ. ವಾಷಿಂಗ್ ಮೆಷಿನ್ನಿಗೂ ಅದೇ ತರ್ಕ. ಒಂದು ಮನೆಯಲ್ಲಿ ವಾರಕ್ಕೆ 5 ಗಂಟೆ ಓಡತ್ತೆ ಅಂದ್ಕೊಳ್ಳಿ. ವಾರದಲ್ಲಿ ಇರೋದು 168 ಗಂಟೆ. ಅಂದ್ರೆ ಶೇಕಡಾ 97ರಷ್ಟು ಸಮಯ ಮೆಷಿನ್ ಸುಮ್ಮನೆ ಮೂಲೆಯಲ್ಲಿ ಕೂತಿರತ್ತೆ. ಮೂವತ್ತು ಮನೆಗೆ ವಾರಕ್ಕೆ ಬೇಕಿರೋದು 150 ಗಂಟೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಓಡಿಸಿದರೂ ಒಂದು ಮೆಷಿನ್ 84 ಗಂಟೆ ಕೊಡತ್ತೆ. ಲೆಕ್ಕಕ್ಕೆ ಎರಡು ಸಾಕು, ಭಾನುವಾರದ ರಶ್ಶಿಗೆ ಮೂರು ಇಡಿ. ಮೂವತ್ತರ ಜಾಗದಲ್ಲಿ ಮೂರು.

ಡ್ರಿಲ್ಲಿಂಗ್ ಮೆಷಿನ್, ಏಣಿ, ಹುಲ್ಲು ಕತ್ತರಿಸೋ ಯಂತ್ರ, ವರ್ಷಕ್ಕೆ ನಾಲ್ಕು ಸಲ ಬಳಸೋ ಗೆಸ್ಟ್ ರೂಮು, ಎಲ್ಲದಕ್ಕೂ ಇದೇ ಲೆಕ್ಕ. ಹಾಗಾಗಿ ಒಂದೊಂದು ಮನೆಯನ್ನೂ ಸ್ವಲ್ಪ ಚಿಕ್ಕದಾಗಿ ಕಟ್ಟಬಹುದು. ಚಿಕ್ಕ ಮನೆ, ಅಂಟಿಕೊಂಡ ಗೋಡೆ ಅಂದ್ರೆ ಚಳಿ ದೇಶದಲ್ಲಿ ಬಿಸಿ ಮಾಡೋ ಖರ್ಚೂ ಕಡಿಮೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಹತ್ತಿರ ಲೂನ್ ನದಿ ದಂಡೆಯಲ್ಲಿ 41 ಮನೆಗಳ ಒಂದು ಕೋಹೌಸಿಂಗ್ ಇದೆ. ಮನೆಗಳು ಪ್ಯಾಸಿವ್‌ಹೌಸ್ ಮಟ್ಟದವು, ಅಂದ್ರೆ ದಪ್ಪ ಇನ್ಸುಲೇಶನ್, ಗಾಳಿ ಸೋರದ ಗೋಡೆ, ತುಂಬಾ ಕಡಿಮೆ ಹೀಟಿಂಗ್. ಲೀಡ್ಸ್ ನಗರದಲ್ಲಿ 2013ರಲ್ಲಿ ಶುರುವಾದ ಲಿಲಾಕ್ ಅನ್ನೋ 20 ಮನೆಗಳ ಸಮುದಾಯದಲ್ಲಿ ಗೋಡೆಗಳಿಗೆ ಒಣಹುಲ್ಲಿನ ಬೇಲ್ ತುಂಬಿದಾರೆ. ಅಲ್ಲಿ ಜಾಗವೂ ಮನೆಗಳೂ ಒಂದು ಸೊಸೈಟಿಯ ಹೆಸರಲ್ಲಿವೆ. ಸದಸ್ಯರು ತಮ್ಮ ಕೈಗೆ ಬರೋ ಆದಾಯದ ಶೇಕಡಾ 35ರಷ್ಟು ಕಟ್ಟುತ್ತಾರೆ. ಹೆಚ್ಚು ದುಡಿಯೋರಿಗೆ ಹೆಚ್ಚು, ಕಡಿಮೆ ದುಡಿಯೋರಿಗೆ ಕಡಿಮೆ.

ಮೂರನೇ ಲಾಭ: ಕಾಣಿಸೋದು

ನಮ್ಮ ಮಟ್ಟಿಗೆ ಇದೇ ಮುಖ್ಯ. ಒಳ್ಳೆ ಜನ ಸೇರಿದರೆ ಸಾಕು ಒಗ್ಗಟ್ಟು ತಾನಾಗೇ ಬರತ್ತೆ ಅಂತ ಕೋಹೌಸಿಂಗ್ ಮಾಡೋರು ನಂಬಲ್ಲ. ಅದನ್ನು ಪ್ಲ್ಯಾನಿನಲ್ಲೇ ಡಿಸೈನ್ ಮಾಡ್ತಾರೆ. ಕಾರುಗಳಿಗೆ ಜಾಗ ಹೊರಗಿನ ಅಂಚಿನಲ್ಲಿ. ಅಲ್ಲಿಂದ ಮನೆವರೆಗೆ ಎಲ್ಲರೂ ಒಂದೇ ಕಾಲುದಾರಿಯಲ್ಲಿ ನಡೆದು ಬರಬೇಕು. ಸಾಮಾನ್ಯ ಮನೆ ಆ ದಾರಿಯಲ್ಲೇ ಸಿಗತ್ತೆ, ಒಳಗೆ ಯಾರಿದಾರೆ ಅಂತ ಹೊರಗಿಂದ ಕಾಣತ್ತೆ. ಮನೆಗಳ ಅಡುಗೆಮನೆ ಕಿಟಕಿ ದಾರಿ ಕಡೆಗೆ, ಮಲಗೋ ರೂಮು ಹಿಂದಕ್ಕೆ. ಪಾತ್ರೆ ತೊಳೀತಾ ಹೊರಗೆ ಆಡೋ ಮಕ್ಕಳನ್ನು ನೋಡಬಹುದು, ಬೇಡ ಅಂದ್ರೆ ಹಿಂದಿನ ರೂಮಿಗೆ ಹೋಗಿ ಓದ್ಕೋಬಹುದು. ಭೇಟಿ ಆಗೋಕೆ ಯಾರೂ ಪ್ಲ್ಯಾನ್ ಮಾಡಬೇಕಿಲ್ಲ, ಮನೆಗೆ ಬರ್ತಾ ಆಗೇ ಆಗತ್ತೆ.

ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ನೆಟ್‌ವರ್ಕ್ ಪ್ರಶ್ನೆ. 27 ಮನೆಗಳಲ್ಲಿ ಪ್ರತಿಯೊಂದು ಮನೆಯೂ ಇನ್ನೊಂದರ ಜೊತೆ ನೇರ ಪರಿಚಯ ಇಟ್ಕೋಬೇಕು ಅಂದ್ರೆ 27 ಇಂಟು 26 ಬೈ 2, ಅಂದ್ರೆ 351 ಕೊಂಡಿಗಳು. ಯಾರಿಂದ ಸಾಧ್ಯ? ಆದರೆ ಮಧ್ಯೆ ಒಂದು ಹಬ್ ಇಟ್ಟರೆ 27 ಕೊಂಡಿ ಸಾಕು. ಆ ಹಬ್ಬೇ ಊಟದ ಹಾಲ್. ಹೆಸರಿಗೆ ತಕ್ಕ ಹಾಗೆ ಈ ಸಮುದಾಯಗಳು ತುಂಬ ದೊಡ್ಡದಾಗಿಯೂ ಇರಲ್ಲ. ಮೇಲೆ ಹೇಳಿದ ಸಂಖ್ಯೆಗಳನ್ನೇ ನೋಡಿ: 20, 26, 27, 33, 41. ಇನ್ನೂ ಚಿಕ್ಕದಾದರೆ ಪಾಳಿ ಬೇಗ ಬೇಗ ಬರತ್ತೆ. ಇನ್ನೂ ದೊಡ್ಡದಾದರೆ ಊಟಕ್ಕೆ ಯಾರು ಬಂದಿಲ್ಲ ಅಂತ ಗೊತ್ತಾಗಲ್ಲ.

ಯಾರು ಬಂದಿಲ್ಲ ಅಂತ ಗೊತ್ತಾಗೋದು ಚಿಕ್ಕ ವಿಷಯ ಅಲ್ಲ. ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ ನ್ಯೂ ಗ್ರೌಂಡ್ ಅನ್ನೋ 25 ಫ್ಲ್ಯಾಟುಗಳ ಕೋಹೌಸಿಂಗ್ ಇದೆ, 50 ವರ್ಷ ದಾಟಿದ ಹೆಂಗಸರಿಗೆ ಮಾತ್ರ. ವಯಸ್ಸಾದ ಮೇಲೆ ಒಂಟಿಯಾಗಿ ಫ್ಲ್ಯಾಟಿನಲ್ಲಿ ಬಿದ್ದಿರೋದೂ ಬೇಡ, ವೃದ್ಧಾಶ್ರಮವೂ ಬೇಡ ಅಂತ ಅವರೇ ಸೇರಿ ಕಟ್ಟಿಸಿಕೊಂಡದ್ದು. ಅದನ್ನು ಓದುವಾಗ ನಮ್ಮಲ್ಲೊಬ್ಬನಿಗೆ ಅವನ ಅಜ್ಜಿ ನೆನಪಾದರು. ಅಜ್ಜ ಹೋದ ಮೇಲೆ ಅವರು ಒಬ್ಬರೇ ಮೂರನೇ ಮಹಡಿಯಲ್ಲಿ ಇದಾರೆ. ದಿನಾ ಬೆಳಿಗ್ಗೆ ಮಾತಾಡೋದು ಹಾಲಿನ ಹುಡುಗನ ಜೊತೆ ಮಾತ್ರ.

ಇದು ನಮ್ಮ ಹಳೇ ಕೂಡುಕುಟುಂಬವೇ ಅಲ್ವಾ?

ನಮಗೂ ಮೊದಲು ಹಾಗೇ ಅನ್ನಿಸಿತ್ತು. ಬೆಂಗಳೂರು, ಮೈಸೂರಿನ ವಠಾರಗಳ ಕತೆಗಳನ್ನೂ ಮನೆಯಲ್ಲಿ ಕೇಳಿದೀವಿ. ಜನ ಕಾಣಿಸೋ ವಿಷಯದಲ್ಲಿ ಹೋಲಿಕೆ ಇದೆ. ಆದರೆ ವಠಾರಕ್ಕೆ ಒಬ್ಬ ಮಾಲೀಕ, ಒಂದು ನಲ್ಲಿ, ಬೇರೆ ದಾರಿ ಇಲ್ಲದೆ ಹಂಚಿಕೊಳ್ತಿದ್ದರು. ಕೂಡುಕುಟುಂಬದಲ್ಲಿ ಇಪ್ಪತ್ತು ಜನಕ್ಕೆ ಬಿಸಿ ಊಟ ಇತ್ತು ನಿಜ, ಅದನ್ನು ಮಾಡ್ತಿದ್ದದ್ದು ಯಾರು? ನಮ್ಮ ಅಮ್ಮಂದಿರನ್ನು ಕೇಳಿದೆವು. "ನಿಮ್ಮ ತಾತ ಒಂದು ದಿನ ಒಲೆ ಹತ್ತಿಸಿದ್ದು ನೋಡಿಲ್ಲ" ಅಂತ ಒಬ್ಬರು ನಕ್ಕರು. ನಿರ್ಧಾರ ಹಿರಿಯರದು, ಕೆಲಸ ಸೊಸೆಯಂದಿರದು. ಕೋಹೌಸಿಂಗ್‌ನಲ್ಲಿ ಪಾಳಿ ಪಟ್ಟಿಯಲ್ಲಿ ಗಂಡಸರ ಹೆಸರೂ ಇರತ್ತೆ, ಮತ್ತು ಮೀಟಿಂಗ್‌ನಲ್ಲಿ ಎಲ್ಲರಿಗೂ ಮಾತಾಡೋ ಹಕ್ಕು ಇರತ್ತೆ.

ಮೀಟಿಂಗ್ ನಡೆಸೋಕೆ ಹಲವು ಸಮುದಾಯಗಳು ಸೋಶಿಯೋಕ್ರಸಿ ಅನ್ನೋ ಕ್ರಮ ಬಳಸ್ತಾರೆ. ಇದನ್ನು ಈ ರೂಪಕ್ಕೆ ತಂದವರು ನೆದರ್‌ಲೆಂಡ್ಸಿನ ಎಲೆಕ್ಟ್ರಿಕಲ್ ಎಂಜಿನಿಯರ್ ಗೆರಾರ್ಡ್ ಎಂಡೆನ್‌ಬರ್ಗ್, ತಮ್ಮ ಕುಟುಂಬದ ಕಂಪನಿಯಲ್ಲೇ ಪ್ರಯೋಗ ಮಾಡಿ. ಇದರಲ್ಲಿ ವೋಟಿಂಗ್ ಇಲ್ಲ. "ಎಲ್ಲರಿಗೂ ಇಷ್ಟ ಆಯ್ತಾ?" ಅಂತಲೂ ಕೇಳಲ್ಲ. "ಕಾರಣ ಸಮೇತ ಆಕ್ಷೇಪಣೆ ಯಾರಿಗಾದರೂ ಇದೆಯಾ?" ಅಂತ ಕೇಳ್ತಾರೆ. ಇಲ್ಲದಿದ್ದರೆ ಒಂದಷ್ಟು ದಿನ ಮಾಡಿ ನೋಡೋಣ, ಸರಿ ಬರದಿದ್ದರೆ ಬದಲಾಯಿಸೋಣ ಅಂತ ಮುಂದೆ ಹೋಗ್ತಾರೆ. ಒಂಥರಾ ಫೀಡ್‌ಬ್ಯಾಕ್ ಲೂಪ್.

ಕಷ್ಟಗಳೂ ಇವೆ

ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗತ್ತೆ. ಜಾಗ ಹುಡುಕೋದು, ಸಾಲ, ಪರ್ಮಿಶನ್, ಮಧ್ಯೆ ಬಿಟ್ಟು ಹೋಗೋರು, ಇದರಲ್ಲೇ ವರ್ಷಗಳು ಹೋಗ್ತವೆ. ನ್ಯೂ ಗ್ರೌಂಡ್‌ನ ಗುಂಪು ಸೇರಿದ್ದು 1998ರಲ್ಲಿ, ಮನೆಗೆ ಬಂದಿದ್ದು 2016ರಲ್ಲಿ. ಹದಿನೆಂಟು ವರ್ಷ. ನಮ್ಮ ವಯಸ್ಸು ಹೆಚ್ಚು ಕಡಿಮೆ ಅಷ್ಟೇ! ಹೊಸದಾಗಿ ಕಟ್ಟೋದರಿಂದ ಎಲ್ಲ ಕಡೆ ಅಗ್ಗವೂ ಅಲ್ಲ. ಸಮಯ, ಓದು, ಹಣ ಇರೋರೇ ಹೆಚ್ಚು ಸೇರ್ತಾರೆ, ಒಂದೇ ಥರದ ಜನರ ಗುಂಪಾಗೋ ಅಪಾಯ ಇದೆ. ಮೀಟಿಂಗ್ ಇಷ್ಟ ಇಲ್ಲದವರಿಗೆ ಇದು ಶಿಕ್ಷೆ. ಸಿಂಕಿನಲ್ಲಿ ಪಾತ್ರೆ ಬಿಟ್ಟು ಹೋಗೋರು ಎಲ್ಲ ದೇಶದಲ್ಲೂ ಇರ್ತಾರೆ.

ನಾವು ಏನು ಮಾಡಿದೆವು

ನಾವು ಐವರು ಕೋಹೌಸಿಂಗ್ ಕಟ್ಟೋಕಾಗಲ್ಲ, ಬಾಡಿಗೆಯನ್ನೇ ಕಷ್ಟದಲ್ಲಿ ಕಟ್ತೀವಿ. ಆದರೆ ಅದರಿಂದ ಮೂರು ವಿಷಯ ಕದ್ದೆವು. ಮಂಗಳವಾರ, ಶುಕ್ರವಾರ ರಾತ್ರಿ ಊಟ ಒಟ್ಟಿಗೆ, ಒಬ್ಬ ಮಾಡೋದು, ಒಬ್ಬ ತೊಳೆಯೋದು. ಹಾಲ್‌ನಲ್ಲಿದ್ದ ಬಟ್ಟೆ ಸ್ಟ್ಯಾಂಡ್ ತೆಗೆದು ಬಾಲ್ಕನಿಗೆ ಹಾಕಿ, ನೆಲದ ಮೇಲೆ ಚಾಪೆ ಹಾಸಿದೆವು, ಯಾಕಂದ್ರೆ ಕೂರೋಕೆ ಜಾಗ ಇಲ್ಲದಿದ್ರೆ ಎಲ್ಲರೂ ರೂಮಿಗೇ ಹೋಗ್ತಾರೆ. ಮೂರನೆಯದು, ತಟ್ಟೆ ಐದು ಇಡೋದು. ಒಂದು ತಟ್ಟೆ ಖಾಲಿ ಉಳಿದರೆ ಹೋಗಿ ಬಾಗಿಲು ತಟ್ಟೋದು. ಒಬ್ಬನಿಗೆ ಆಕ್ಷೇಪಣೆ ಇತ್ತು, ಶುಕ್ರವಾರ ಅವನಿಗೆ ಫುಟ್ಬಾಲ್. ಊಟ ಒಂಬತ್ತಕ್ಕೆ ಅಂತ ಮಾಡಿ, ಒಂದು ತಿಂಗಳು ನೋಡೋಣ ಅಂದೆವು.

ಮೊದಲ ವಾರದ ಚಿತ್ರಾನ್ನದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ಪಾತ್ರೆ ವಿಷಯಕ್ಕೆ ಒಂದು ದೊಡ್ಡ ಜಗಳವೂ ಆಯ್ತು, ಎರಡು ದಿನ ಇಬ್ಬರು ಮಾತಾಡಲಿಲ್ಲ. ಆದರೆ ಮಾತಾಡ್ತಿಲ್ಲ ಅನ್ನೋದು ಉಳಿದ ಮೂವರಿಗೆ ಗೊತ್ತಿತ್ತು. ಮುಂಚೆ ಅದೂ ಗೊತ್ತಾಗ್ತಿರಲಿಲ್ಲ.

ಮುಂದಿನ ವರ್ಷ ಹಾಸ್ಟೆಲ್ ಬಿಟ್ಟು ಮನೆ ಹುಡುಕೋರಿಗೆ ನಮ್ಮದೊಂದು ಸಲಹೆ. ಎಷ್ಟು ರೂಮಿದೆ, ವೈಫೈ ಹೇಗಿದೆ ಅಂತ ನೋಡೋ ಮೊದಲು ಹಾಲ್ ನೋಡಿ, ಎಲ್ಲರೂ ಕೂತು ಉಣ್ಣೋಕೆ ಜಾಗ ಇದೆಯಾ ಅಂತ. ಹೋದ ಶುಕ್ರವಾರ ಐದನೇ ತಟ್ಟೆ ಖಾಲಿ ಇತ್ತು. ಚಿಕ್ಕ ರೂಮಿನ ಬಾಗಿಲು ತಟ್ಟಿದೆವು. ಅವನು ಮಲಗಿದ್ದ, ಜ್ವರ ಇರಲಿಲ್ಲ, ನಿದ್ದೆ ಕೆಡಿಸಿದ್ದಕ್ಕೆ ನಾಲ್ಕೂ ಜನರಿಗೆ ಬೈದ. ಆಮೇಲೆ ಎದ್ದು ಬಂದು ಎರಡು ಸಲ ಬಡಿಸಿಕೊಂಡು ಉಂಡ.